ಏನಾಗುತ್ತೀ ಮಗೂ, ಯಾರಿಗಾಗಿ?

ಕನ್ನಡ ಮಾಧ್ಯಮದ ಏಳನೆಯ ತರಗತಿ, ಇಂಗ್ಲಿಷ್ ಪೀರಿಯಡ್. ಮಕ್ಕಳ ಬಾಯಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲಿ ಬರಲಿ ಎಂದು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, 'ದೊಡ್ಡವನಾದ ಮೇಲೆ ಏನಾಗುತ್ತೀ?' ಎಂದು ಪರಸ್ಪರ ಕೇಳಲು ಹೇಳಿದ್ದೆ. 'ಐ ವಾಂಟ್ ಟು ಬಿ ಎ ಡಾಕ್ಟರ್' ಎಂದಳು ಒಬ್ಬಳು. ಮುಂದಿನವನು ಎಂಜಿನಿಯರ್. ಅವನ ಪಕ್ಕದವಳು ಮತ್ತೆ ಡಾಕ್ಟರ್. ಕೊನೆಯ ಬೆಂಚಿನ ಹುಡುಗ ಸ್ವಲ್ಪ ತಡವರಿಸಿ ತಾನೂ 'ಡಾಕ್ಟರ್' ಎಂದ. ವಾಕ್ಯದಲ್ಲಿ ತಪ್ಪಿರಲಿಲ್ಲ. 'ಗುಡ್' ಎಂದೆ.

ಗಂಟೆ ಹೊಡೆದ ಮೇಲೆ ಅವನು ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: 'ಟೀಚರ್, ಗಾರೆ ಕೆಲಸದವರಿಗೆ ಇಂಗ್ಲಿಷಿನಲ್ಲಿ ಏನಂತಾರೆ?' ಅವನ ಅಪ್ಪ ಗಾರೆ ಮೇಸ್ತ್ರಿ. ಬೋರ್ಡಿನ ಮೇಲೆ ನಾನು ಬರೆದಿದ್ದ ಎಂಟು ಉದ್ಯೋಗಗಳಲ್ಲಿ ಅವನ ಅಪ್ಪ ಇರಲಿಲ್ಲ. ಆ ತರಗತಿಯ ಹೆಚ್ಚಿನ ಮಕ್ಕಳ ಅಪ್ಪ ಅಮ್ಮ ಯಾರೂ ಅಲ್ಲಿರಲಿಲ್ಲ.

ಭಾಷೆ ಕಲಿಸುವ ಒಂದು ಚಟುವಟಿಕೆಗೆ ಇಷ್ಟು ಯೋಚನೆ ಏಕೆ ಎನ್ನಬಹುದು. ಆದರೆ ಮಗು ಕಲಿಯುವುದು ವಾಕ್ಯವನ್ನಷ್ಟೇ ಅಲ್ಲ. ಯಾವ ಕೆಲಸ ಹೇಳಿಕೊಳ್ಳುವಂಥದ್ದು, ಯಾವುದು ಮುಚ್ಚಿಡುವಂಥದ್ದು ಎಂಬುದನ್ನೂ ಅದು ಸದ್ದಿಲ್ಲದೆ ಕಲಿತುಬಿಡುತ್ತದೆ.

ಹಾಗಾದರೆ ಗಾರೆಯವನ ಮಗ ಗಾರೆಯವನೇ ಆಗಲಿ ಎನ್ನೋಣವೇ? ಖಂಡಿತ ಬೇಡ. ಹುಟ್ಟಿನ ಜೊತೆಗೇ ಕಸುಬನ್ನೂ ಕಟ್ಟಿಹಾಕಿದ ನಮ್ಮ ಸಮಾಜದಲ್ಲಿ ಅದು ಅನ್ಯಾಯದ ಮಾತು. ಕೂಲಿಯವರ ಮಗಳು ಡಾಕ್ಟರಾಗಲು ಬಯಸುವುದು ಅಹಂಕಾರವಲ್ಲ. ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟವನನ್ನು ಶುಭಸಂದೇಶ ಮೆಚ್ಚುವುದಿಲ್ಲ. ಮಕ್ಕಳು ಮೇಲೆ ಬರಲೇಬೇಕು. ಆದರೆ ಹೆತ್ತವರ ದುಡಿಮೆಗೆ ನಾಚಿಕೊಂಡು ಮೇಲೆ ಬರಬೇಕಾಗಿಲ್ಲ.

ನಜರೇತಿನ ಜನರೂ ಈ ತಪ್ಪನ್ನೇ ಮಾಡಿದರು. ಯೇಸುಸ್ವಾಮಿಯ ಬೋಧನೆ ಕೇಳಿ ಬೆರಗಾದವರೇ, ಈತ ಬಡಗಿಯಲ್ಲವೇ ಎಂದು ಅಸಡ್ಡೆ ಮಾಡಿದರೆಂದು ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ತಿಳಿಸುತ್ತದೆ. ಅಲ್ಲಿರುವ ಗ್ರೀಕ್ ಪದ 'ಟೆಕ್ಟೋನ್'. ಮರಗೆಲಸದವನು ಎಂದಷ್ಟೇ ಅಲ್ಲ, ಕಟ್ಟಡ ಕಟ್ಟುವವನು ಎಂಬ ಅರ್ಥವೂ ಅದಕ್ಕುಂಟು. ನನ್ನ ಬೋರ್ಡಿನಲ್ಲಿ ಜೋಸೆಫರಿಗೂ ಜಾಗವಿರಲಿಲ್ಲ ಎಂದು ಆಗ ಹೊಳೆಯಿತು! ಜಗದ್ಗುರು ಹನ್ನೆರಡನೆಯ ಪಯಸ್ 1955ರಲ್ಲಿ ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು. ದುಡಿಮೆಯ ಬೆಲೆ ಮೊದಲು ಬರುವುದು ಕೆಲಸದ ಬಗೆಯಿಂದಲ್ಲ, ಅದನ್ನು ಮಾಡುವವನು ಮನುಷ್ಯನಾಗಿರುವುದರಿಂದ ಎಂದು ಸಂತ ಎರಡನೆಯ ಜಾನ್ ಪಾಲ್ ತಮ್ಮ 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ ತಿಳಿಸಿದರು.

ಮುಂದಿನ ವಾರ ಪಾಠವನ್ನು ಬದಲಾಯಿಸಿದೆ. ಮೊದಲು ಪ್ರತಿಯೊಬ್ಬರೂ ಮನೆಯವರ ಕೆಲಸ ಹೇಳಬೇಕು. ಅದರ ಇಂಗ್ಲಿಷ್ ಹೆಸರನ್ನು ನಾನು ಬೋರ್ಡಿನ ಮೇಲೆ ಬರೆಯಬೇಕು. ಮೇಸನ್, ಟೈಲರ್, ಡ್ರೈವರ್, ಕುಕ್ ಎಂದು ಬೋರ್ಡು ತುಂಬಿತು. 'ಏನಾಗುತ್ತೀ?' ಎಂಬುದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಸೇರಿಸಿದೆ: 'ಯಾರಿಗಾಗಿ?' ಜಗದ್ಗುರು ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದ 'ಕ್ರಿಸ್ತುಸ್ ವಿವಿತ್' ಪತ್ರದಲ್ಲಿ, ನಾನು ಯಾರು ಎಂದು ಕೇಳಿಕೊಳ್ಳುವವರು ನಾನು ಯಾರಿಗಾಗಿ ಎಂದೂ ಕೇಳಿಕೊಳ್ಳಲಿ ಎಂದಿದ್ದರು. ಒಂದೇ ಸಾಲು ಒಪ್ಪಿಸಿ ಕೂರುತ್ತಿದ್ದ ಮಕ್ಕಳು ಈಗ 'ಬಿಕಾಸ್' ಎಂದು ಮುಂದುವರಿಸಬೇಕಾಯಿತು. ತಪ್ಪುಗಳು ಹೆಚ್ಚಾದವು, ಮಾತೂ ಹೆಚ್ಚಾಯಿತು.

ಕೊನೆಯ ಬೆಂಚಿನ ಹುಡುಗ ಎದ್ದು ನಿಂತ. 'ಮೈ ಫಾದರ್ ಈಸ್ ಎ ಮೇಸನ್' ಎಂದು ಗಟ್ಟಿಯಾಗಿ ಹೇಳಿದ. ಅನಂತರ ಮತ್ತೆ 'ಡಾಕ್ಟರ್' ಎಂದ. ಏಕೆಂದು ಕೇಳಿದೆ. ಸಿಮೆಂಟಿಗೆ ಅಪ್ಪನ ಕೈ ಒಡೆದು ಹುಣ್ಣಾಗಿದೆಯಂತೆ, ಅದನ್ನು ವಾಸಿಮಾಡಬೇಕಂತೆ. ಇಂಗ್ಲಿಷು ಸಾಲದೆ ಕನ್ನಡದಲ್ಲೇ ಮುಗಿಸಿದ. ಪದ ಅದೇ ಆದರೂ ಈ ಸಲ ಆ ಕನಸು ಅವನದಾಗಿತ್ತು.

ಪ್ರಿಯ ತಂದೆತಾಯಂದಿರೇ, ನೆಂಟರೆದುರು ಮಗುವನ್ನು ನಿಲ್ಲಿಸಿ 'ಏನಾಗುತ್ತೀ, ಹೇಳು' ಎನ್ನುವುದು ನಮ್ಮೆಲ್ಲರ ಅಭ್ಯಾಸ. ಇಂದು ಸಂಜೆ ಜಪಸರ ಮುಗಿದ ಮೇಲೆ ಎರಡನೆಯ ಪ್ರಶ್ನೆಯನ್ನೂ ಕೇಳಿ ನೋಡಿ. ಅದಕ್ಕೂ ಮೊದಲು ನಿಮ್ಮ ಕೆಲಸದ ಹೆಸರನ್ನು ಮಗುವಿಗೆ ತಲೆಯೆತ್ತಿ ಹೇಳಿ. ದೈವಕರೆಯನ್ನು ಮಗು ಮೊದಲು ಆಲಿಸುವುದು ಮನೆಯಲ್ಲೇ ಅಲ್ಲವೇ?