ಯಾರದು ಈ ಕಂಚು?

ನಿಮ್ಮ ಧರ್ಮಕೇಂದ್ರದ ದೇವಾಲಯದ ಬಾಗಿಲು ಮಧ್ಯಾಹ್ನದ ಹೊತ್ತು ತೆರೆದಿರುತ್ತದೆಯೇ? ಕಳ್ಳರ ಭಯದಿಂದ ಬೀಗ ಹಾಕಿದ ದೇವಾಲಯಗಳು ನಮಗೆ ಹೊಸತಲ್ಲ. ಕಾಣಿಕೆ ಡಬ್ಬಿಯನ್ನೂ ಹಿತ್ತಾಳೆಯ ದೀಪಗಳನ್ನೂ ಕಾಯಬೇಕಾದವರನ್ನು ದೂಷಿಸುವಂತೆಯೂ ಇಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸುಂದರವಾದ ವಸ್ತುವೊಂದು ಯಾರಿಗೆ ಸೇರಿದ್ದು? ಮಾಡಿದವರಿಗೋ, ಕೊಂಡವರಿಗೋ, ಕಂಡವರಿಗೋ? ತಮ್ಮ ಕಾರ್ಯಶಾಲೆಯ ಬಾಗಿಲನ್ನು ತೆರೆದಿಟ್ಟು ಇದಕ್ಕೆ ಉತ್ತರ ಕೊಟ್ಟ ಶಿಲ್ಪಿಯೊಬ್ಬರ ಕುರಿತು ಇಲ್ಲಿ ಹೇಳಬಯಸುತ್ತೇನೆ.

ಬಾರ್ಬರಾ ಹೆಪ್‌ವರ್ತ್ 1903ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಜನಿಸಿದರು. ತಂದೆ ಇಂಜಿನಿಯರು. ಅವರ ಕಾರಿನಲ್ಲಿ ಗುಡ್ಡಗಾಡಿನ ನಡುವೆ ಸಾಗುತ್ತಿದ್ದ ಬಾಲಕಿಗೆ ಭೂಮಿಯ ಏರಿಳಿತಗಳೇ ಮೊದಲ ಶಿಲ್ಪಪಾಠವಾದವು. 1939ರಲ್ಲಿ ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿಗೆ ಬಂದ ಅವರು, ಹತ್ತು ವರ್ಷಗಳ ನಂತರ ಅಲ್ಲಿಯೇ ತೋಟವಿದ್ದ ಕಾರ್ಯಶಾಲೆಯೊಂದನ್ನು ಕೊಂಡರು. ಕಲ್ಲು ಮತ್ತು ಮರವನ್ನು ಕೆತ್ತುತ್ತಿದ್ದ ಕೈ ಕಂಚಿನತ್ತ ಹೊರಳಿದ್ದು 1956ರಲ್ಲಿ, ಐವತ್ತು ದಾಟಿದ ಮೇಲೆ. ಲೋಹದ ಜಾಲರಿಯ ಮೇಲೆ ಪ್ಲಾಸ್ಟರ್ ಮೆತ್ತಿ, ಅದು ಗಟ್ಟಿಯಾದ ಬಳಿಕ ಕಲ್ಲಿನಂತೆಯೇ ಕೆತ್ತಿ ಉಜ್ಜುತ್ತಿದ್ದರು. ಆ ಮಾದರಿ ಎರಕದವರ ಬಳಿಗೆ ಹೋಗಿ ಕಂಚಾಗಿ ಬರುತ್ತಿತ್ತು. (ಎರಕ ಹೊಯ್ದವರ ಹೆಸರನ್ನು ಯಾರೂ ನೆನೆಯುವುದಿಲ್ಲ ಎಂಬುದು ಬೇರೆ ಮಾತು.)

ಹೂವು, ಹಕ್ಕಿಗಳನ್ನು ಇದ್ದಂತೆಯೇ ಎರಕ ಹೊಯ್ಯುವ ದಾರಿ ಅವರದಲ್ಲ. ಊರಿನ ಪೋರ್ತ್‌ಮಿಯರ್ ಕಡಲತೀರದ ಹೆಸರು ಹೊತ್ತ 1958ರ ಕಂಚಿನ ಕೃತಿಯನ್ನೇ ನೋಡಿ. ಅದರ ಅಂಚುಗಳು ದಡಕ್ಕೆ ಬಂದು ಮಡಚಿಕೊಳ್ಳುವ ಅಲೆಯಂತೆ ಬಾಗಿವೆ. ಹಸಿರು ಛಾಯೆ ನೀರಿನ ನೆನಪು ತರುತ್ತದೆ. ಸೃಷ್ಟಿಯನ್ನು ನಕಲು ಮಾಡದೆ ಅದರ ಮುಂದೆ ತಲೆಬಾಗುವ ಬಗೆ ಇದು ಎಂದು ನನಗೆ ತೋರುತ್ತದೆ.

1975ರಲ್ಲಿ ಅದೇ ಕಾರ್ಯಶಾಲೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಮರುವರ್ಷವೇ ಮನೆ, ತೋಟಗಳು ಸಾರ್ವಜನಿಕರಿಗೆ ತೆರೆದವು. 1980ರಿಂದ ಟೇಟ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಉಳಿ, ಸುತ್ತಿಗೆಗಳೂ ಅರ್ಧ ಕೆತ್ತಿದ ಕಲ್ಲುಗಳೂ ಇಂದಿಗೂ ಅಲ್ಲಿವೆ. ಮುಗಿದ ಕೆಲಸವನ್ನಷ್ಟೇ ತೋರಿಸುವುದು ನಮ್ಮೆಲ್ಲರ ಆಸೆ. ಮುಗಿಯದಿರುವುದನ್ನೂ ಪರರ ಕಣ್ಣಿಗೆ ಬಿಟ್ಟುಕೊಡಲು ಬೇರೆಯೇ ಬಗೆಯ ವಿನಯ ಬೇಕು. ತೋಟದಲ್ಲಿ ಗಿಡಮರಗಳ ನಡುವೆ ಕಂಚಿನ ಶಿಲ್ಪಗಳು ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಅವುಗಳಲ್ಲೊಂದನ್ನು, 1966ರದನ್ನು, ಜನರು ಒಳಹೊಕ್ಕು ಹಾದುಹೋಗಲೆಂದೇ ರೂಪಿಸಲಾಗಿದೆ.

ತೆರೆದಿಟ್ಟದ್ದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಲಂಡನ್ನಿನ ಡಲಿಚ್ ಉದ್ಯಾನದಲ್ಲಿ 1970ರಿಂದ ನಿಂತಿದ್ದ ಅವರ ಕಂಚಿನ ಶಿಲ್ಪವೊಂದು 2011ರ ಡಿಸೆಂಬರಿನಲ್ಲಿ ಕಳವಾಯಿತು. ಗುಜರಿ ಲೋಹಕ್ಕಾಗಿ ಕದ್ದಿರಬೇಕೆಂಬುದು ಅಂದಿನ ಅನುಮಾನ. ಅದು ನಿಜವಾದರೆ, ನಾಲ್ಕು ದಶಕಗಳ ಕಾಲ ಮಕ್ಕಳೂ ಮುದುಕರೂ ಸುತ್ತುಹಾಕಿದ ರೂಪವೊಂದು ತಕ್ಕಡಿಯಲ್ಲಿ ಕಿಲೋಗಳಾಗಿ ಮುಗಿದುಹೋಯಿತು.

ಹಾಗಾದರೆ ಬೀಗ ಹಾಕುವುದೇ ಸರಿಯೇ? ರಾತ್ರಿಗೆ ಬೀಗ ಬೇಕು, ಒಪ್ಪುತ್ತೇನೆ. ಆದರೆ ಭಯದಿಂದ ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ನೆನೆಯಿರಿ. ಅವನು ಕಳ್ಳನಾಗಿರಲಿಲ್ಲ, ಒಂದು ಕಾಸನ್ನೂ ಕಳೆದುಕೊಂಡಿರಲಿಲ್ಲ. ಆದರೂ ಯಜಮಾನನ ಕೋಪ ಅವನ ಮೇಲೆಯೇ. ಯಾರೂ ನೋಡದಂತೆ ಕಾಪಾಡಿದ ಸೌಂದರ್ಯದ ಲೆಕ್ಕ ಒಪ್ಪಿಸುವಾಗ ನಾವು ಏನು ಹೇಳೋಣ?

ಸೇಂಟ್ ಐವ್ಸ್‌ನ ಸಂತ ಐಯಾ ದೇವಾಲಯದಲ್ಲಿ ಇದೇ ಶಿಲ್ಪಿ ಕೆತ್ತಿದ ಮಾತೆ ಮತ್ತು ಮಗುವಿನ ಪ್ರತಿಮೆಯಿದೆ. ಅದು ಕಂಚಲ್ಲ, ಕಲ್ಲು. ಅವರ ಹಿರಿಯ ಮಗ ಪಾಲ್ ವಾಯುಪಡೆಯಲ್ಲಿದ್ದಾಗ 1953ರಲ್ಲಿ ವಿಮಾನ ಅಪಘಾತದಲ್ಲಿ ಮಡಿದಿದ್ದ. ಅವನ ನೆನಪಿಗಾಗಿ ಮರುವರ್ಷ ಕೆತ್ತಿದ್ದು. ಆ ತಾಯಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಊರಿನವರು ಬಂದು ಮೊಣಕಾಲೂರುವ ಜಾಗಕ್ಕೆ ಕೊಟ್ಟರು.