ಕರಣ ಒಂದು, ಕಾರಣ ಐದು: ಮೇಲ್ದರ್ಜೆಯ ಕ್ಯಾಮೆರಾ ಮತ್ತು ಬೇಕೆಂಬ ಸೆಳೆತ

ಕೈಯಲ್ಲಿರುವ ಡಿಎಸ್‌ಎಲ್‌ಆರ್ ಬಿಟ್ಟು ಅದಕ್ಕಿಂತ ಮೇಲ್ದರ್ಜೆಯದನ್ನು ಕೊಳ್ಳುವ ವಿಚಾರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತಿರುತ್ತವೆ. ಹೊಸ ಕ್ಯಾಮೆರಾದಿಂದ ಚಿತ್ರಕ್ಕೆ ಏನು ಸೇರುತ್ತದೆ ಎಂಬುದು ಒಂದು. ಇದಕ್ಕೆ ಉತ್ತರ ಕಂಪನಿಯ ಕೈಪಿಡಿಯಲ್ಲೇ ಸಿಗುತ್ತದೆ. ಅದನ್ನು ಹಿಡಿದವನಿಗೆ ಏನು ಸೇರುತ್ತದೆ, ಬೇಕು ಬೇಕು ಎನ್ನುವ ಸೆಳೆತ ಅಗತ್ಯವೋ ಆಸೆಯೋ ಎಂಬುದು ಇನ್ನೊಂದು. ಉಪಕರಣಕ್ಕೂ ಮಾಡುವವನಿಗೂ ಇರುವ ಸಂಬಂಧದ ಈ ಪ್ರಶ್ನೆ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ರಾಯಚೂರು ಸೀಮೆಯ ದಾಸರೂ ಶರಣರೂ ತಮ್ಮ ತಮ್ಮ ದಾರಿಯಲ್ಲಿ ಇದನ್ನು ಎದುರಿಸಿದವರೇ.

ಮೊದಲು ಸುಲಭದ ಪ್ರಶ್ನೆ. ಹೊಸಬರು ಸಾಮಾನ್ಯವಾಗಿ ಕೊಳ್ಳುವ ಕ್ಯಾನನ್ 1500ಡಿ 2018ರಲ್ಲಿ ಬಂದದ್ದು. ಅದರದು 24.1 ಮೆಗಾಪಿಕ್ಸೆಲ್‌ಗಳ ಕ್ರಾಪ್ ಸೆನ್ಸರ್. ಫೋಕಸ್‌ಗೆ 9 ಬಿಂದುಗಳು, ಸೆಕೆಂಡಿಗೆ 3 ಚಿತ್ರಗಳು. ಅದೇ ಕಂಪನಿಯ 2016ರ 5ಡಿ ಮಾರ್ಕ್ 4 ಕ್ಯಾಮೆರಾದಲ್ಲಿ 30.4 ಮೆಗಾಪಿಕ್ಸೆಲ್, 61 ಫೋಕಸ್ ಬಿಂದುಗಳು, ಸೆಕೆಂಡಿಗೆ 7 ಚಿತ್ರಗಳು, ಎರಡು ಕಾರ್ಡ್ ಹಾಕುವ ಜಾಗ. ಮೆಗಾಪಿಕ್ಸೆಲ್ ಲೆಕ್ಕ ನೋಡಿ ಮರುಳಾಗುವವರು ಇಲ್ಲಿ ಎಡವುತ್ತಾರೆ. ನಿಜವಾದ ಅಂತರ ಇರುವುದು ಸೆನ್ಸರಿನ ಅಳತೆಯಲ್ಲಿ. ಮಾರ್ಕ್ 4ರಲ್ಲಿರುವಂಥ ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ, ಕ್ರಾಪ್ ಸೆನ್ಸರಿನ ವಿಸ್ತೀರ್ಣ ಅದರ ಅರ್ಧಕ್ಕಿಂತಲೂ ಕಡಿಮೆ.

ಈ ಅಂತರ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನಲ್ಲಿ ಯಾವಾಗ ಕಣ್ಣಿಗೆ ಬೀಳುತ್ತದೆ ಎಂದರೆ ಕತ್ತಲಲ್ಲಿ. ಬೇಸಿಗೆಯ ಹಗಲಿನಲ್ಲಿ ಹತ್ತಿ ಹೊಲದ ಮೇಲೆ ಬೀಳುವ ಬಿಸಿಲಿಗೆ ಯಾವ ಕ್ಯಾಮೆರಾವಾದರೂ ಸಾಕು. ರಾತ್ರಿ ಶಾಮಿಯಾನದ ಟ್ಯೂಬ್‌ಲೈಟಿನಡಿ ಕುಬಸದ ಆರತಿ ಎತ್ತುವಾಗ, ಮೊಹರಂನ ಅಲಾಯಿ ಕುಣಿಯ ಕೆಂಡದ ಸುತ್ತ ಕುಣಿಯುವಾಗ, ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಎಲ್ಲರೂ ಒಮ್ಮೆಗೇ ಮುಂದೆ ನುಗ್ಗಿದಾಗ ಚಿಕ್ಕ ಸೆನ್ಸರ್ ತಿಣುಕುತ್ತದೆ. ಬೆಳಕಿನ ಕೊರತೆ ತುಂಬಲು ಐಎಸ್ಒ ಏರಿಸಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ನಾಯ್ಸ್, ಏರಿಸದಿದ್ದರೆ ಅಲುಗಾಡಿದ ಕೈಗಳು. ಮದುವೆಯ ಫೋಟೋ ತೆಗೆದೇ ಹೊಟ್ಟೆ ಹೊರೆಯುವವನಿಗೆ ಇದು ಗೀಳಲ್ಲ, ಕಸುಬಿನ ಅಡಚಣೆ.

ಆದರೂ ಕೊರತೆ ಕ್ಯಾಮೆರಾದ ಬಾಡಿಯದೇ ಎಂದು ತೀರ್ಮಾನಿಸುವ ಮೊದಲು ಲೆನ್ಸ್ ನೋಡಬೇಕು. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ 55 ಮಿ.ಮೀ.ಗೆ ಬಂದಾಗ ಎಫ್/5.6ಕ್ಕಿಂತ ಅಗಲವಾಗಿ ತೆರೆಯದು. ಎಫ್/1.8ರ 50 ಮಿ.ಮೀ. ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಬೆಲೆಯೋ, ಹೊಸ ಬಾಡಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ಕ್ರಾಪ್ ಸೆನ್ಸರಿಗೆಂದೇ ಮಾಡಿದ ಕ್ಯಾನನ್ನಿನ ಇಎಫ್-ಎಸ್ ಲೆನ್ಸ್‌ಗಳು ಫುಲ್ ಫ್ರೇಮ್ ಬಾಡಿಗೆ ಕೂರುವುದೇ ಇಲ್ಲವಾದ್ದರಿಂದ ಬಾಡಿ ಬದಲಿಸಿದವನು ಅಂಥ ಲೆನ್ಸನ್ನೂ ಬದಲಿಸಬೇಕಾಗುತ್ತದೆ. ಕೊರತೆ ಎಲ್ಲಿದೆಯೆಂದು ನೋಡದೆ ಹಣ ಸುರಿಯುವುದು ಎರಡನೆಯ ಪ್ರಶ್ನೆಯ ಬಾಗಿಲು ತೆರೆಯುತ್ತದೆ.

ಆ ಪ್ರಶ್ನೆಗೆ ಮೇಲೆ ಹೇಳಿದ ಊರಿನಿಂದಲೇ ತೊಡಗಬಹುದು. ಮಸರಕಲ್, ದಾಸಸಾಹಿತ್ಯದ ಪುಸ್ತಕಗಳಲ್ಲಿ ಮೊಸರುಕಲ್ಲು ಎಂದೂ ಕಾಣುವ ಊರು, ಗೋಪಾಲದಾಸರ ಹುಟ್ಟೂರು. ಭಾಗಣ್ಣ ಎಂಬುದು ಅವರ ಮೊದಲ ಹೆಸರು, ಕಾಲ 1721ರಿಂದ 1762. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು ಅವರಿಗೆ ಗುರು. ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರು ಶಿಷ್ಯರು. ಸಂಸ್ಕೃತ ಪಾಂಡಿತ್ಯದ ಹಮ್ಮಿನಲ್ಲಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರ ಕರೆಗೆ ಹೋಗದೆ ಹೊಟ್ಟೆನೋವಿಗೆ ಸಿಕ್ಕಿ, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಕೊಟ್ಟ ಮೇಲೆ ಚೇತರಿಸಿಕೊಂಡು ಜಗನ್ನಾಥದಾಸರಾದರು ಎಂಬುದು ಸಂಪ್ರದಾಯದ ಕಥೆ. ಹೆಗಲಿಗೆ ತಂಬೂರಿ, ಕೈಗೆ ಚಿಟಿಕೆ, ಕಾಲಿಗೆ ಗೆಜ್ಜೆ, ಜೊತೆಗೆ ಭಿಕ್ಷೆಯ ಗೋಪಾಳಬುಟ್ಟಿ ಇದ್ದರೆ ದಾಸರ ಉಪಕರಣ ಮುಗಿಯಿತು. ಪಂಡಿತನಿಗೆ ಸಾಲದೆ ಬಂದದ್ದು ಗ್ರಂಥಗಳಲ್ಲ ಎಂಬುದು ಆ ಕಥೆಯ ಒಳಹುರುಳು.

ಈ ದಾಸರೆಲ್ಲ ನಂಬಿದ ಮಧ್ವಮತದಲ್ಲಿ ದೇವರು ಬಿಂಬ, ಜೀವ ಪ್ರತಿಬಿಂಬ. ಪ್ರತಿಬಿಂಬ ಎಂದರೆ ಬಿಂಬಕ್ಕೆ ಅಧೀನ, ಬಿಂಬಕ್ಕೆ ಸದೃಶ ಎಂದರ್ಥ, ಸುಳ್ಳು ಎಂದಲ್ಲ. ಮುಖ ಕಾಣಲು ಕನ್ನಡಿ ಬೇಕು, ಆ ಕನ್ನಡಿಗೆ ಶಾಸ್ತ್ರದಲ್ಲಿ ಉಪಾಧಿ ಎಂದು ಹೆಸರು. ಕನ್ನಡಿಯ ಕಲೆ ಮುಖದ ಕಲೆಯಂತೆ ತೋರುತ್ತದೆ, ಕನ್ನಡಿ ಹೋದರೆ ಮುಖ ಒಂದೇ ಉಳಿಯುತ್ತದೆ ಎನ್ನುವುದು ಅದ್ವೈತದ ಒಂದು ಪಂಗಡದ ವಾದ. ಮಧ್ವರು ಇದನ್ನು ಒಪ್ಪುವುದಿಲ್ಲ. ಜೀವನಿಗೆ ಹೊರಗಿನ ಕನ್ನಡಿ ಬೇಡ, ಅವನ ಸ್ವರೂಪವೇ ಅವನ ಉಪಾಧಿ, ಸೂರ್ಯನಿಗೆ ಕಾಮನಬಿಲ್ಲು ಇದ್ದ ಹಾಗೆ ಎಂಬುದು ಅವರ ನಿಲುವು. ಸಾಧನೆಯಿಂದ ಯೋಗ್ಯತೆ ಹೊರಕ್ಕೆ ಬರುತ್ತದೆಯೇ ಹೊರತು ಇಲ್ಲದ್ದು ಹೊಸದಾಗಿ ಹುಟ್ಟುವುದಿಲ್ಲ ಎಂಬುದೂ ಈ ನಿಲುವಿನಿಂದಲೇ ಬರುತ್ತದೆ.

ಪ್ರವಚನಗಳಲ್ಲಿ ಬಿಂಬ-ಪ್ರತಿಬಿಂಬಕ್ಕೆ ಕ್ಯಾಮೆರಾದ ದೃಷ್ಟಾಂತ ಕೊಡುವುದುಂಟು. ಅದು ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಡಿಎಸ್‌ಎಲ್‌ಆರ್ ಒಳಗೆ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದಿದೆ. ಅದು ಬೆಳಕನ್ನು ಮೇಲಕ್ಕೆ ಚಿಮ್ಮಿಸಿ ವ್ಯೂಫೈಂಡರಿಗೆ ಕಳಿಸುತ್ತದೆ. ವಧು ತಲೆ ತಗ್ಗಿಸಿದರೆ ಅಲ್ಲಿಯೂ ತಗ್ಗುತ್ತದೆ, ಆಕೆ ಸರಿದರೆ ಬಿಂಬವೂ ಸರಿಯುತ್ತದೆ. ಇದು ಶಾಸ್ತ್ರ ಹೇಳುವ ಪ್ರತಿಬಿಂಬವೇ. ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ವ್ಯೂಫೈಂಡರ್ ಕಪ್ಪಾಗುತ್ತದೆ, ಸೆನ್ಸರಿಗೆ ಬೆಳಕು ಬೀಳುವುದು ಆಗ. ಸೆರೆಸಿಕ್ಕ ಆ ಕ್ಷಣವನ್ನು ಕ್ಯಾಮೆರಾಕ್ಕೆ ಕಣ್ಣಿಟ್ಟವನು ಕಂಡಿರುವುದಿಲ್ಲ. ಅಲ್ಲಿ ಉಳಿದ ಚಿತ್ರಕ್ಕೆ ಬಿಂಬದ ಹಂಗಿಲ್ಲ. ಅಜ್ಜಿ ತೀರಿಕೊಂಡ ಮೇಲೂ ಗೋಡೆಯ ಮೇಲೆ ಆಕೆಯ ಫೋಟೋ ನಗುತ್ತಿರುತ್ತದೆ. ಆದ್ದರಿಂದ ಫೋಟೋ ಪ್ರತಿಬಿಂಬವಲ್ಲ, ಅಚ್ಚು. ಪ್ರವೇಶ ದರ್ಜೆಯ ಕ್ಯಾಮೆರಾದ ವ್ಯೂಫೈಂಡರ್ ಚೌಕಟ್ಟಿನ ಶೇಕಡಾ 95ರಷ್ಟನ್ನು ಮಾತ್ರ ತೋರಿಸುತ್ತದೆ, ಮೇಲ್ದರ್ಜೆಯದು ಹೆಚ್ಚುಕಡಿಮೆ ಪೂರ್ತಿ ತೋರಿಸುತ್ತದೆ. ಎರಡರಲ್ಲೂ ಆ ಕಪ್ಪು ಕ್ಷಣ ಇದ್ದೇ ಇದೆ. ದುಬಾರಿ ಕ್ಯಾಮೆರಾದಲ್ಲಿ ತುಸು ಚಿಕ್ಕದು, ಅಷ್ಟೇ. ಆ ಕ್ಷಣವನ್ನು ಮುಂಚಿತವಾಗಿ ಊಹಿಸುವ ಕೆಲಸ ಕಣ್ಣಿಟ್ಟವನದೇ.

ಹಾಗಾದರೆ ಚಿತ್ರ ತೆಗೆಯುವುದು ಮನುಷ್ಯ, ಕ್ಯಾಮೆರಾ ಅಲ್ಲ ಎಂಬ ಜನಪ್ರಿಯ ಮಾತು ಸರಿಯೇ? ಅದೂ ಪೂರ್ತಿ ಸರಿಯಲ್ಲ. ಭಗವದ್ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ಯಾವುದೇ ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾ ಚೇಷ್ಟೆಗಳು, ದೈವ. ಕರಣ ಎಂದರೆ ಮುಖ್ಯವಾಗಿ ಇಂದ್ರಿಯಗಳು. ಕೈಯಲ್ಲಿನ ಉಪಕರಣಕ್ಕೂ ಅದನ್ನು ಹಿಗ್ಗಿಸಿದರೆ ತಪ್ಪಾಗದು. ಎರಡೇ ಶ್ಲೋಕಗಳ ನಂತರ ಗೀತೆ ತಾನೊಬ್ಬನೇ ಕರ್ತೃ ಎಂದುಕೊಂಡವನ ಬುದ್ಧಿ ನೆಟ್ಟಗಿಲ್ಲ ಎನ್ನುತ್ತದೆ. ಕ್ಯಾಮೆರಾ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವನು ಐದರಲ್ಲಿ ಒಂದನ್ನು ಐದೂ ಮಾಡುತ್ತಾನೆ. ಕ್ಯಾಮೆರಾದಲ್ಲೇನಿದೆ, ಎಲ್ಲ ನನ್ನ ಕಣ್ಣಲ್ಲಿದೆ ಎಂದು ಬೀಗುವವನು ಮಾಡುವುದೂ ಅದನ್ನೇ. ಎರಡನೆಯವನ ಮಾತು ವಿವೇಕದಂತೆ ಕೇಳಿಸುತ್ತದೆ, ಅಪಾಯ ಅಲ್ಲಿಯೇ ಹೆಚ್ಚು. ಕೇಳಬೇಕಾದ್ದು ಇಷ್ಟೆ: ಐದರಲ್ಲಿ ಈಗ ಸಾಲದೆ ಬಂದಿರುವುದು ಯಾವುದು? ಕತ್ತಲಲ್ಲಿ ನಾಯ್ಸ್ ಬರುತ್ತಿದ್ದರೆ ಕರಣದ ಕೊರತೆ. ಅಕ್ಕಿಕಾಳು ಬೀಳುವಾಗ ತಪ್ಪು ಜಾಗದಲ್ಲಿ ನಿಂತಿದ್ದರೆ ಕರ್ತೃವಿನ ಕೊರತೆ, ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ.

ಕರಣದ ಕೊರತೆ ನಿಜವೆಂದೇ ಇಟ್ಟುಕೊಂಡರೂ ಎಷ್ಟು ಸಾಕು ಎಂಬುದು ಉಳಿಯುತ್ತದೆ. ಇಲ್ಲಿ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳುವ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಿಗೆ ಬರುತ್ತಾರೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದು ಆಸೆಯೆಂದು ಗದರಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದಳು. ಶರಣರು ಉಪಕರಣವನ್ನು ಹೀಗಳೆದವರಲ್ಲ. ನೇಕಾರ ದಾಸಿಮಯ್ಯನಿಗೆ ಮಗ್ಗ, ಅಂಬಿಗ ಚೌಡಯ್ಯನಿಗೆ ದೋಣಿ ಇತ್ತು. ಸವೆದ ಮಗ್ಗದಲ್ಲಿ ನೇಯುವುದು ಯಾರಿಗೂ ಪುಣ್ಯವಲ್ಲ. ಲಕ್ಕಮ್ಮನ ಆಕ್ಷೇಪ ಕಾಯಕಕ್ಕೆ ಬೇಕಾದ್ದನ್ನು ಮೀರಿದ ಪಾಲಿನ ಮೇಲೆ. ಕಂತಿನಲ್ಲಿ ಬಾಡಿ ಕೊಂಡು, ಆ ಕಂತು ಕಟ್ಟಲೆಂದೇ ಒಲ್ಲದ ಕೆಲಸ ಒಪ್ಪಿಕೊಳ್ಳುವ ಛಾಯಾಗ್ರಾಹಕನ ಮನೆಯಲ್ಲಿ ಕಾಯಕ ಬುಡಮೇಲಾಗಿದೆ.

ಜೈನರು ಈ ಅಳತೆಗೆ ಇನ್ನೂ ಖಚಿತವಾದ ಕ್ರಮ ಹಾಕಿಕೊಟ್ಟರು. ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ, ಅಂದರೆ ಮೋಹ, ಎನ್ನುತ್ತದೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಗೃಹಸ್ಥನ ಐದನೆಯ ಅಣುವ್ರತದಲ್ಲಿ ತನಗೆ ಎಷ್ಟು ಬೇಕೆಂಬುದನ್ನು ಆತ ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಜಾಣತನ ಇರುವುದು ಆ ಮೊದಲೇ ಎಂಬುದರಲ್ಲಿ. ಹೊಸ ಮಾದರಿ ಅಂಗಡಿಗೆ ಬಂದ ಮೇಲೆ ಅಗತ್ಯವನ್ನು ಅಳೆಯಲು ಕೂತರೆ ಕೈಗೆ ಸಿಗುವ ಅಳತೆಗೋಲು ಮಾರುವವನದೇ ಆಗಿರುತ್ತದೆ.

ಮಾರುವವನಾದರೂ ಒಂದು ಕಡೆ ನಿಂತವನಲ್ಲ. ನಿಕಾನ್ 2020ರಲ್ಲಿ ಡಿ780 ಮತ್ತು ಡಿ6 ತಂದ ಮೇಲೆ ಹೊಸ ಡಿಎಸ್‌ಎಲ್‌ಆರ್ ತರಲಿಲ್ಲ. ಅದೇ ವರ್ಷದ 1ಡಿ ಎಕ್ಸ್ ಮಾರ್ಕ್ 3 ತನ್ನ ಕೊನೆಯ ಅಗ್ರ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ 2021ರಲ್ಲಿ ತಿಳಿಸಿತು. ಈಗ ಅವರ ಅಂಗಡಿಯಲ್ಲಿ ಮೇಲ್ದರ್ಜೆ ಎಂದರೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್. ಹತ್ತು ವರ್ಷದ ಹಿಂದೆ ಕನಸಾಗಿದ್ದ ಫುಲ್ ಫ್ರೇಮ್ ಬಾಡಿಗಳು ಸೆಕೆಂಡ್ ಹ್ಯಾಂಡ್ ಆಗಿ ಕೈಗೆಟುಕುತ್ತಿವೆ, ಮದುವೆ ಮನೆಯ ಕತ್ತಲಿಗೆ ಅವು ಇಂದಿಗೂ ಧಾರಾಳ ಸಾಕು. ದೇವದುರ್ಗ, ಮಾನ್ವಿ ಕಡೆ ಹಳ್ಳಿಗಳಲ್ಲಿ ದುಡಿಯುವ ಛಾಯಾಗ್ರಾಹಕ ಮೊದಲು ಒಳ್ಳೆಯದೊಂದು ಲೆನ್ಸ್ ಕೊಳ್ಳಲಿ. ಅದರಿಂದಲೂ ನೀಗದ ಕೊರತೆ ಉಳಿದರೆ ಸಾಲವಿಲ್ಲದೆ ಸಿಗುವ ಹಳೆಯ ಫುಲ್ ಫ್ರೇಮ್ ಬಾಡಿ ಕೊಳ್ಳಲಿ. ತೆರವಾದ ಕ್ಯಾಮೆರಾವನ್ನು ಬೀರುವಿನಲ್ಲಿಡದೆ ಕೆಲಸ ಕಲಿಯುವ ಹುಡುಗ ಹುಡುಗಿಯರ ಕೈಗೆ ಕೊಡಲಿ.