ಬೇಡದ ಕೀಲಿಕೈ

ಲ್ಯಾಪ್‌ಟಾಪಿನ ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ. ಅಡಿಭಾಗದ ಸ್ಕ್ರೂ ಬಿಚ್ಚಲು ಸಣ್ಣದೊಂದು ಸ್ಕ್ರೂಡ್ರೈವರ್, ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ಕಿನ ತೆಳು ಪಟ್ಟಿ, ಹೊಸ ಬ್ಯಾಟರಿ, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಹೊಸ ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಎಂಬುದು ಲಾಗಿನ್ ಆಗುವ ಮೊದಲೇ ತಿಳಿಯುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಕೆಲಸಕ್ಕೆಂದು ಹಲವು ರಿಪೇರಿ ಅಂಗಡಿಗಳ ಕೌಂಟರಿಗೆ ಹೋದರು. ಅವುಗಳಲ್ಲಿ ದೇಶದ ತುಂಬ ಶಾಖೆಗಳಿರುವ ದೊಡ್ಡ ಅಂಗಡಿಗಳಿದ್ದವು, ಊರಿನ ಸಣ್ಣ ಅಂಗಡಿಗಳೂ ಇದ್ದವು. ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ಪಾಸ್‌ವರ್ಡ್ ಕೇಳಿದರು. ಕೊಡದೆ ಆಗುವುದಿಲ್ಲವೇ ಎಂದು ವಿಚಾರಿಸಿದಾಗ ಕೆಲವರು ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಲಿಲ್ಲ. ಕೆಲವರು ತೆಗೆದುಕೊಂಡರೂ, ಸರಿಯಾಗಿದೆಯೋ ಇಲ್ಲವೋ ನೋಡಲಾಗದು, ಆಮೇಲೆ ನಮ್ಮನ್ನು ಕೇಳಬೇಡಿ ಎಂದರು.

ಇದು ಪ್ರಕರಣದ ಮೊದಲ ಭಾಗ. ಎರಡನೆಯ ಭಾಗವೇ ಸುದ್ದಿಯಾಯಿತು. ಅದೇ ಸಂಶೋಧಕರು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಆಡಿಯೊ ಡ್ರೈವರನ್ನು ನಿಷ್ಕ್ರಿಯಗೊಳಿಸಿ, ‘ಸೌಂಡ್ ಬರುತ್ತಿಲ್ಲ’ ಎಂಬ ದೂರಿನೊಂದಿಗೆ ಹದಿನಾರು ಅಂಗಡಿಗಳಿಗೆ ಕೊಟ್ಟರು. ಈ ದೋಷ ತಿದ್ದಲು ಒಳಗೆ ಲಾಗಿನ್ ಆಗಬೇಕು, ನಿಜ. ಆದರೆ ಡಿವೈಸ್ ಮ್ಯಾನೇಜರಿನಿಂದ ಆಚೆಗೆ ಹೋಗಬೇಕಾದ ಕಾರಣವೇ ಇಲ್ಲ. ಕೈ ಪಳಗಿದವರಿಗೆ ಕೆಲವೇ ನಿಮಿಷಗಳ ಕೆಲಸ. ಅರ್ಧ ಯಂತ್ರಗಳಲ್ಲಿ ಗಂಡಸರ ಹೆಸರು, ಅರ್ಧದಲ್ಲಿ ಹೆಂಗಸರ ಹೆಸರು. ಒಳಗೆ ಕಾಗದಪತ್ರ, ಕ್ರಿಪ್ಟೊ ಹಣದ ವ್ಯಾಲೆಟ್, ಸಾಧಾರಣ ಫೋಟೊಗಳು, ಜೊತೆಗೆ ಬೇರೆ ಯಾರೂ ನೋಡಬಾರದ ಕೆಲವು ಖಾಸಗಿ ಫೋಟೊಗಳು. ಎಲ್ಲವೂ ಪರೀಕ್ಷೆಗೆಂದೇ ತುಂಬಿಸಿದ್ದು. ಪರದೆಯ ಮೇಲೆ ನಡೆದದ್ದನ್ನು ಬರೆದಿಟ್ಟುಕೊಳ್ಳುವ ವ್ಯವಸ್ಥೆಯೂ ಒಳಗೇ ಇತ್ತು. ಅದಕ್ಕೆ ಬಳಸಿಕೊಂಡದ್ದು ವಿಂಡೋಸ್‌ನದೇ ‘ಸ್ಟೆಪ್ಸ್ ರೆಕಾರ್ಡರ್’. ಗ್ರಾಹಕ ತನ್ನ ತೊಂದರೆಯನ್ನು ತಂತ್ರಜ್ಞನಿಗೆ ಹಂತಹಂತವಾಗಿ ತೋರಿಸಲಿ ಎಂದು ಮಾಡಿದ್ದ ಸಲಕರಣೆ ಅದು. ಇಲ್ಲಿ ತಂತ್ರಜ್ಞನ ಕೈಚಲನೆಗೇ ಸಾಕ್ಷಿಯಾಯಿತು.

ಆರು ಅಂಗಡಿಗಳಲ್ಲಿ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು. ಎರಡು ಕಡೆ ನಕಲು ಮಾಡಿಕೊಂಡು ಹೊರಗಿನ ಡ್ರೈವಿಗೆ ಸಾಗಿಸಿದ್ದರು. ಹೆಂಗಸರ ಹೆಸರಿನ ಲ್ಯಾಪ್‌ಟಾಪ್‌ಗಳಿಗೇ ಈ ಗತಿ ಹೆಚ್ಚಾಗಿ ಬಂದಿತ್ತು. ಅಧ್ಯಯನ 2022ರ ಕೊನೆಯಲ್ಲಿ ಹೊರಬಂತು.

ಈ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಯಲ್ಲ, ಒಂದು ಸಣ್ಣ ವಿವರ. ನೋಡಿದವರಲ್ಲಿ ಕೆಲವರು, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯನ್ನು ಅಳಿಸಿ ಹೋಗಿದ್ದರು. ಒಬ್ಬರಂತೂ ಫೋಟೊಗಳನ್ನು ತೆರೆಯಲೇ ಇಲ್ಲ. ಫೋಲ್ಡರಿನೊಳಗಿನ ಪುಟ್ಟ ಚಿತ್ರಗಳನ್ನೇ ದೊಡ್ಡದು ಮಾಡಿಕೊಂಡು ನೋಡಿದರು. ಹಾಗೆ ನೋಡಿದರೆ ಪಟ್ಟಿಯಲ್ಲಿ ಗುರುತು ಉಳಿಯುವುದಿಲ್ಲ. ‘ಇದೇನು ತಪ್ಪೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ, ತರಬೇತಿ ಸಾಲದು’ ಎನ್ನುವ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಗುರುತು ಅಳಿಸುವ ಕೈಗೆ ತಾನು ಮಾಡಿದ್ದು ಏನೆಂದು ಗೊತ್ತು. ಅಂಥವನಿಗೆ ನೀತಿಪಾಠ ಹೇಳಿ ಪ್ರಯೋಜನವಿಲ್ಲ, ಪಾಠ ಅವನಿಗೆ ಆಗಲೇ ಬಾಯಿಪಾಠ. ಹಾಗಾದರೆ ಅವನನ್ನು ತಡೆಯಬಹುದಾಗಿದ್ದ ಜಾಗ ಯಾವುದು? ಫೋಟೊ ಫೋಲ್ಡರಿನ ಮುಂದೆ ಕುಳಿತಾಗ ಅವನ ಜೊತೆ ಯಾರೂ ಇರಲಿಲ್ಲ, ಯಂತ್ರ ಇಡೀ ರಾತ್ರಿ ಅವನದೇ. ತಡೆಯಬಹುದಾಗಿದ್ದದ್ದು ಅದಕ್ಕೂ ಮುಂಚೆ, ಹಗಲು ಬೆಳಕಿನಲ್ಲಿ, ಇಬ್ಬರು ಎದುರುಬದುರು ನಿಂತಿದ್ದ ಕೌಂಟರಿನಲ್ಲಿ. ಆದ್ದರಿಂದಲೇ ಈ ಪ್ರಕರಣದಲ್ಲಿ ನನಗೆ ಸೌಂಡಿಗಿಂತ ಬ್ಯಾಟರಿಯ ಭಾಗ ಮುಖ್ಯ. ಕೆಲಸಕ್ಕೆ ಬೇಡದ ಕೀಲಿಕೈಯನ್ನು ಕೇಳಿ ಇಟ್ಟುಕೊಂಡಾಗಲೇ ತಪ್ಪು ಶುರುವಾಗುತ್ತದೆ. ಕೇಳಿದವನು ಏನನ್ನೂ ನೋಡದೆ ಹೋದರೂ ಆ ಮಾತು ನಿಲ್ಲುತ್ತದೆ.

ನಮ್ಮ ಊರುಗಳ ಅಂಗಡಿಗಳಿಗೂ ಈ ಕೌಂಟರಿಗೂ ದೂರವೇನಿಲ್ಲ.

‘ಪಾಸ್‌ವರ್ಡ್ ಹೇಳಿ ಮೇಡಂ.’

‘ಬ್ಯಾಟರಿ ಹಾಕೋಕೆ ಪಾಸ್‌ವರ್ಡ್ ಯಾಕಪ್ಪಾ?’

‘ಚೆಕ್ ಮಾಡ್ಬೇಕಲ್ಲ ಮೇಡಂ. ಇಲ್ಲಾಂದ್ರೆ ನಾಳೆ ನೀವೇ ಬಂದು ಕೇಳ್ತೀರ.’

ಹೇಳಿದ್ದನ್ನು ಅವನು ಬಿಳಿ ಟೇಪಿನ ಮೇಲೆ ಹೆಸರು, ಫೋನ್ ನಂಬರು, ದೂರಿನ ಜೊತೆಗೆ ಬರೆದು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸುತ್ತಾನೆ. ಅಲ್ಲಿಂದ ಅದು ಕೆಲಸದ ಮೇಜಿಗೆ, ಮೇಜಿನಿಂದ ರ‍್ಯಾಕಿಗೆ, ಒಮ್ಮೊಮ್ಮೆ ಚಿಪ್ ಲೆವೆಲ್ ಕೆಲಸ ಮಾಡುವ ಇನ್ನೊಂದು ಅಂಗಡಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಟೇಪು ಯಾರು ಬೇಕಾದರೂ ಓದುವಂತೆ ಮೇಲೆಯೇ ಇರುತ್ತದೆ. ಅದೇ ಪಾಸ್‌ವರ್ಡನ್ನು ಮೇಲ್‌ಗೂ ಬ್ಯಾಂಕಿಗೂ ಇಟ್ಟುಕೊಂಡವರು ಎಷ್ಟು ಮಂದಿಯೋ.

ಆ ಹುಡುಗನ ಮಾತಿನಲ್ಲಿ ನ್ಯಾಯವೂ ಇದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕೀಬೋರ್ಡ್ ಹಾಕಿಸಿಕೊಂಡು ಹೋದವರು ಮರುದಿನ ಬಂದು ‘ನೀವು ಬಿಚ್ಚಿದ ಮೇಲೆ ವೈಫೈ ಬರುತ್ತಿಲ್ಲ’ ಎನ್ನುವುದುಂಟು. ಮೊದಲು ಬರುತ್ತಿತ್ತೋ ಇಲ್ಲವೋ, ಕೊಂಡೊಯ್ಯುವಾಗ ಬರುತ್ತಿತ್ತೋ ಇಲ್ಲವೋ ಎಂಬುದಕ್ಕೆ ಅವನ ಹತ್ತಿರ ಪುರಾವೆ ಬೇಕು. ಸಿಗುವ ಕೂಲಿ ಕಡಿಮೆ. ಒಂದು ಜಗಳ ಇಡೀ ದಿನದ ದುಡಿಮೆಯನ್ನು ನುಂಗಬಹುದು. ಪಾಸ್‌ವರ್ಡ್ ಕೇಳುವ ರೂಢಿ ಹೆಚ್ಚಿನ ಕಡೆ ದುರಾಸೆಯಿಂದ ಬಂದದ್ದಲ್ಲ, ಇಂಥ ಅಂಜಿಕೆಯಿಂದ ಬಂದದ್ದು ಎಂದೇ ನನ್ನ ನಂಬಿಕೆ.

ಆದರೆ ಅಂಜಿಕೆಗೆ ಮದ್ದು ಅವನ ಮೇಜಿನ ಮೇಲೇ ಇದೆ. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86 ಪೆನ್‌ಡ್ರೈವಿನಿಂದಲೇ ಹೊರಟು ರ‍್ಯಾಮ್ ಪರೀಕ್ಷಿಸುತ್ತದೆ. ವಿಂಡೋಸ್ ಎದ್ದೇಳಬೇಕಾಗಿಯೂ ಇಲ್ಲ. ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್ ಅಂದಿನಿಂದ ತೋರಿಸಿಕೊಟ್ಟ ದಾರಿ ಇನ್ನೂ ಉಪಯುಕ್ತ: ಇಡೀ ಆಪರೇಟಿಂಗ್ ಸಿಸ್ಟಮನ್ನೇ ಹೊರಗಿನ ಡಿಸ್ಕಿನಿಂದ ಓಡಿಸುವುದು. ಇವತ್ತು ಲೈವ್ ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್ ಚುಚ್ಚಿದರೆ ಸ್ಪೀಕರ್, ವೈಫೈ, ಕ್ಯಾಮೆರಾ, ಕೀಬೋರ್ಡಿನ ಪ್ರತಿ ಗುಂಡಿ, ಡಿಸ್ಕಿನ ಆರೋಗ್ಯ ಎಲ್ಲವನ್ನೂ ಗ್ರಾಹಕರ ಎದುರಿಗೇ ನೋಡಿ ತೋರಿಸಬಹುದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರೇ ಕೊಟ್ಟ ತಪಾಸಣೆಯ ವ್ಯವಸ್ಥೆ ಆನ್ ಮಾಡುವಾಗ ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ. ಹಿಂಜ್ ಮುರಿದದ್ದು, ಸ್ಕ್ರೀನ್ ಒಡೆದದ್ದು, ಫ್ಯಾನಿನಲ್ಲಿ ಧೂಳು ಕಟ್ಟಿದ್ದು, ಥರ್ಮಲ್ ಪೇಸ್ಟ್ ಒಣಗಿದ್ದು, ಚಾರ್ಜಿಂಗ್ ಪಿನ್ ಸಡಿಲವಾದದ್ದು, ಇವಕ್ಕೆ ಬೇಕಾದ ಬಿಡಿಭಾಗದ ಜೊತೆಗೆ ಬ್ರಶ್, ಬ್ಲೋವರ್, ಮಲ್ಟಿಮೀಟರ್, ಬೆಸುಗೆಯ ಕಡ್ಡಿ ಸಾಕು. ಮಾಲೀಕರ ಅಕೌಂಟಿನೊಳಗೇ ಕಾಲಿಡಬೇಕಾದ ಕೆಲಸಗಳೂ ಇವೆ. ವೈರಸ್ ತೆಗೆಯುವುದು, ಕೆಟ್ಟುಹೋದ ವಿಂಡೋಸ್‌ನಿಂದ ಕಡತ ಉಳಿಸುವುದು ಅಂಥವು. ಅವು ಬರುತ್ತವೆಂದು ಎಲ್ಲಕ್ಕೂ ಒಂದೇ ಪ್ರಶ್ನೆ ಕೇಳಬೇಕಿಲ್ಲ.

ಇನ್ನೂ ಒಂದು ಮಾತಿದೆ. ಕೌಂಟರಿನಲ್ಲಿ ಪಾಸ್‌ವರ್ಡ್ ಕೊಡದೆ ಬಂದರೂ ಒಳಗಿನದ್ದು ಭದ್ರ ಎನ್ನುವಂತಿಲ್ಲ. ವಿಂಡೋಸ್ ಪಾಸ್‌ವರ್ಡನ್ನು ಖಾಲಿ ಮಾಡುವ ಸಲಕರಣೆಗಳು ಎಂದಿನಿಂದಲೋ ಇವೆ. ಡಿಸ್ಕನ್ನು ಕಳಚಿ ಯುಎಸ್‌ಬಿ ಎನ್‌ಕ್ಲೋಷರಿಗೆ ಹಾಕಿದರೆ, ಎನ್‌ಕ್ರಿಪ್ಟ್ ಮಾಡದ ಡಿಸ್ಕು ತೆರೆದ ಪುಸ್ತಕ. ಸಾಯುತ್ತಿರುವ ಡಿಸ್ಕಿನಿಂದ ಒಂದೊಂದೇ ತುಣುಕು ಎತ್ತಿ ಉಳಿಸುವ ಡಿಡಿರೆಸ್ಕ್ಯೂ ಎಷ್ಟೋ ಮನೆಗಳ ಮದುವೆಯ ಫೋಟೊಗಳನ್ನು, ಸಂಶೋಧನಾ ಪ್ರಬಂಧಗಳನ್ನು ಬದುಕಿಸಿದೆ. ಯಾರೂ ಕೇಳದೆಯೂ ಅದು ಅಷ್ಟೇ ಚೆನ್ನಾಗಿ ನಕಲು ಮಾಡುತ್ತದೆ. ಇಷ್ಟು ಶಕ್ತಿಯನ್ನು ಕೈಯಲ್ಲಿ ಹಿಡಿದವನು ಕೇಳಿ ಪಡೆಯುವ ಅಧಿಕಾರವನ್ನಾದರೂ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಮಡಿವಾಳ ಮಾಚಯ್ಯನ ಕಥೆ ಈ ಹೊತ್ತಿಗೆ ನೆನಪಾಗುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದು ಹೊತ್ತು ತರುವಾಗ ಆ ಗಂಟನ್ನು ಬೇರೆ ಯಾರ ಕೈಯೂ ಸೋಕಗೊಡುತ್ತಿರಲಿಲ್ಲವಂತೆ. ಬಟ್ಟೆ ಒಗೆಯುವವನಿಗೆ ಮನೆಯೊಂದರ ಎಷ್ಟು ಸಂಗತಿ ತಿಳಿಯುತ್ತದೆ ಎಂದು ಯೋಚಿಸಿ: ಯಾರಿಗೆ ಕಾಯಿಲೆ, ಯಾರ ಮೈಮೇಲೆ ಪೆಟ್ಟು ಬಿದ್ದಿದೆ, ಯಾರಿಗೆ ಬಟ್ಟೆಗೇ ಬಡತನ. ತಿಳಿದದ್ದು ಗಂಟಿನಿಂದ ಹೊರಗೆ ಬರಬಾರದು ಎಂಬುದೂ ಆ ಕಾಯಕದೊಳಗೇ ಸೇರಿತ್ತು, ಕೂಲಿಯಲ್ಲಿ ಅದಕ್ಕೆ ಬೇರೆ ಲೆಕ್ಕ ಇರಲಿಲ್ಲ.

ಅದು ಹೊರಗೆ ಬಂದರೆ ಏನಾಗುತ್ತದೆಂದು ಹಾಂಗ್‌ಕಾಂಗ್ 2008ರಲ್ಲಿ ಕಂಡಿತು. ನಟ ಎಡಿಸನ್ ಚೆನ್ ರಿಪೇರಿಗೆ ಕೊಟ್ಟಿದ್ದ ಲ್ಯಾಪ್‌ಟಾಪಿನಿಂದ ತಂತ್ರಜ್ಞನೊಬ್ಬ ನಕಲು ಮಾಡಿಕೊಂಡಿದ್ದ ಖಾಸಗಿ ಫೋಟೊಗಳು ಇಂಟರ್‌ನೆಟ್‌ಗೆ ಬಂದವು. ಅವುಗಳಲ್ಲಿ ಹೆಸರಾಂತ ನಟಿಯರು ಇದ್ದರು. ಚೆನ್ ಪತ್ರಕರ್ತರ ಮುಂದೆ ಕ್ಷಮೆ ಕೇಳಿ ಹಾಂಗ್‌ಕಾಂಗ್ ಚಿತ್ರರಂಗದಿಂದ ಹಿಂದೆ ಸರಿಯುವುದಾಗಿ ಹೇಳಿದ. ಹೆಂಗಸರು ಪಟ್ಟ ಅವಮಾನಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಅವರು ಯಾವ ಅಂಗಡಿಗೂ ಯಾವ ಯಂತ್ರವನ್ನೂ ಒಯ್ದವರಲ್ಲ. ಅವರ ಪಾಸ್‌ವರ್ಡನ್ನು ಯಾರೂ ಕೇಳಿರಲಿಲ್ಲ. 2009ರಲ್ಲಿ ತಂತ್ರಜ್ಞನಿಗೆ ಎಂಟೂವರೆ ತಿಂಗಳ ಜೈಲಾಯಿತು. ಫೋಟೊಗಳಿಗೆ ಬಿಡುಗಡೆಯ ದಿನವೆಂಬುದಿಲ್ಲ.

ಇಣುಕುವುದನ್ನು ಸಮರ್ಥಿಸುವವರು ಇನ್ನೊಂದು ಪ್ರಕರಣ ಎತ್ತುತ್ತಾರೆ. 1997ರಲ್ಲಿ ಬ್ರಿಟನ್ನಿನ ಪಾಪ್ ಗಾಯಕ ಗ್ಯಾರಿ ಗ್ಲಿಟರ್ ರಿಪೇರಿಗೆ ಕೊಟ್ಟ ಕಂಪ್ಯೂಟರಿನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಸಿಕ್ಕವು. ವಿಷಯ ಪೊಲೀಸರಿಗೆ ಹೋಯಿತು. 1999ರಲ್ಲಿ ಅವನು ಜೈಲಿಗೆ ಹೋದ. ಇದು ಹಗುರವಾದ ವಾದವಲ್ಲ. ಕೆಲಸದ ನಡುವೆ ಇಂಥದ್ದು ಕಣ್ಣಿಗೆ ಬಿದ್ದರೆ ಬಾಯಿ ಮುಚ್ಚಿಕೊಳ್ಳುವುದು ಆ ಮಕ್ಕಳಿಗೆ ಮಾಡುವ ಎರಡನೆಯ ದ್ರೋಹ. ಪೊಲೀಸರಿಗೆ ಹೇಳಲೇಬೇಕು. ಆದರೆ ಅದೊಂದನ್ನು ಹಿಡಿದು ಪ್ರತಿಯೊಬ್ಬರ ಫೋಲ್ಡರನ್ನು ಜಾಲಾಡುವ ಪರವಾನಗಿ ಹುಟ್ಟುವುದಿಲ್ಲ. ಒಂಟಾರಿಯೊದಲ್ಲಿ ಫೋಟೊ ನೋಡಿದವರು ಯಾರನ್ನೂ ಕಾಪಾಡಲು ಹೊರಟವರಾಗಿರಲಿಲ್ಲ, ಪೊಲೀಸರಿಗೆ ಹೇಳುವವನು ತಾನು ನೋಡಿದ್ದರ ಗುರುತನ್ನು ಅಳಿಸುವುದೂ ಇಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ತಡೆಯುತ್ತದೆ. ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಆದರೆ ಕಾನೂನಿಗೆ ದೂರು ಬೇಕು, ದೂರಿಗೆ ಗೊತ್ತಾಗಬೇಕು. ತನ್ನ ಫೋಟೊವನ್ನು ಯಾರೋ ರಾತ್ರಿ ನೋಡಿದರೆಂದು ಲ್ಯಾಪ್‌ಟಾಪ್ ವಾಪಸು ಪಡೆದವರಿಗೆ ಗೊತ್ತಾಗುವುದಾದರೂ ಹೇಗೆ?

ಗೊತ್ತಾಗದಿದ್ದರೂ ಜನ ಅನುಮಾನಿಸುತ್ತಾರೆ. ಗ್ವೆಲ್ಫ್‌ನವರು ಜನರನ್ನೂ ಮಾತನಾಡಿಸಿದ್ದರು. ಕೆಟ್ಟುಹೋದ ಸಾಧನಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈ ಭಯಕ್ಕೇ ರಿಪೇರಿಗೆ ಹೋಗದೆ ಉಳಿದಿತ್ತು. ಇಣುಕಿದ ಒಬ್ಬ ಪ್ರಾಮಾಣಿಕ ತಂತ್ರಜ್ಞನ ಗಿರಾಕಿಯನ್ನೂ ಹೀಗೆ ಕಿತ್ತುಕೊಳ್ಳುತ್ತಾನೆ. ಸ್ಕ್ರೂಡ್ರೈವರಿನಿಂದ ಸರಿಯಾಗಬಹುದಾಗಿದ್ದ ಯಂತ್ರ ಬೀರುವಿನಲ್ಲಿ ಕೂತು ಕೊನೆಗೆ ಗುಜರಿಗೆ ಹೋಗುತ್ತದೆ, ಕೊಳ್ಳಲು ಕಷ್ಟವಿರುವ ಮನೆ ಮತ್ತೆ ಹೊಸದನ್ನು ಕೊಳ್ಳುತ್ತದೆ.

ಫೋನ್ ತಯಾರಕರು ಇದನ್ನು ಗಮನಿಸಿದ್ದಾರೆ. ಸ್ಯಾಮ್‌ಸಂಗ್ 2022ರಲ್ಲಿ, ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ 2023ರಲ್ಲಿ ‘ರಿಪೇರಿ ಮೋಡ್’ ತಂದವು. ಅದನ್ನು ಹಾಕಿಕೊಟ್ಟರೆ ಫೋನ್ ಎಲ್ಲ ಪರೀಕ್ಷೆಗೂ ತೆರೆದಿರುತ್ತದೆ, ಮಾಲೀಕರ ಫೋಟೊ, ಮೆಸೇಜುಗಳು ಮಾತ್ರ ಮುಚ್ಚಿರುತ್ತವೆ. ಲ್ಯಾಪ್‌ಟಾಪ್ ಇರುವವರು ಬಿಟ್‌ಲಾಕರಿನಂಥ ಎನ್‌ಕ್ರಿಪ್ಶನ್ ಹಾಕಿ ಅದರ ರಿಕವರಿ ಕೀಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ರಿಪೇರಿಗೆಂದು ಅಡ್ಮಿನ್ ಅಧಿಕಾರವಿಲ್ಲದ ಒಂದು ಹೊಸ ಅಕೌಂಟ್ ಮಾಡಿ ಅದರ ಪಾಸ್‌ವರ್ಡ್ ಮಾತ್ರ ಕೊಡಬಹುದು. ಆದರೆ ಭಾರವನ್ನೆಲ್ಲ ಗ್ರಾಹಕರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕೆಟ್ಟ ಲ್ಯಾಪ್‌ಟಾಪ್ ಹಿಡಿದು ಬಂದವರು ಗಾಬರಿಯಲ್ಲಿರುತ್ತಾರೆ, ಎಷ್ಟೋ ಸಲ ಆ ಲ್ಯಾಪ್‌ಟಾಪ್ ಆನ್ ಕೂಡ ಆಗುತ್ತಿರುವುದಿಲ್ಲ. ತಿಳಿದವನು ಮೇಜಿನ ಆಚೆ ಬದಿಯಲ್ಲಿ ನಿಂತಿರುವವನು, ಮೊದಲ ಹೆಜ್ಜೆ ಅವನೇ ಇಡಬೇಕು.

ಅದಕ್ಕೆ ಹೊಸ ಖರ್ಚೂ ಇಲ್ಲ. ಡಿಸ್ಕನ್ನು ಬೋರ್ಡಿಗೇ ಬೆಸೆದಿರುವ ಕೆಲವು ಮಾಡೆಲ್ ಬಿಟ್ಟರೆ, ಇವತ್ತಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನಿಂತಿರುವುದು ಒಂದೇ ಸ್ಕ್ರೂವಿನ ಮೇಲೆ. ಮುಚ್ಚಳ ತೆಗೆದ ಕೂಡಲೇ ಅದನ್ನು ಬಿಚ್ಚಿ, ಕವರಿಗೆ ಹಾಕಿ, ಹೆಸರು ಬರೆದು ಮಾಲೀಕರ ಕೈಗೇ ಕೊಟ್ಟುಬಿಡಬಹುದು: ‘ಇದು ನಿಮ್ಮ ಹತ್ರಾನೇ ಇರ್ಲಿ, ತಗೊಂಡು ಹೋಗೋವಾಗ ಹಾಕಿಕೊಡ್ತೀನಿ.’ ಪರೀಕ್ಷೆಗೆ ಅಂಗಡಿಯದೇ ಒಂದು ಎಸ್‌ಎಸ್‌ಡಿ ಸಾಕು. ದೊಡ್ಡದಕ್ಕೆ ಅಪ್‌ಗ್ರೇಡ್ ಮಾಡಿಸಿಕೊಂಡವರು ಬಿಟ್ಟುಹೋದ ಹಳೆಯ ಸಣ್ಣ ಡಿಸ್ಕುಗಳು ಎಲ್ಲ ಅಂಗಡಿಗಳ ಡ್ರಾಯರಿನಲ್ಲೂ ಇರುತ್ತವೆ. ಅವುಗಳಲ್ಲಿ ಒಂದನ್ನು ಮಾಲೀಕರನ್ನು ಕೇಳಿಕೊಂಡು, ಒಳಗಿದ್ದದ್ದನ್ನು ಪೂರ್ತಿ ಒರೆಸಿ, ಹೊಸದಾಗಿ ವಿಂಡೋಸ್ ಹಾಕಿ ಇಟ್ಟುಕೊಂಡರೆ ಟೇಪಿನ ಮೇಲೆ ಹೆಸರು, ಫೋನ್ ನಂಬರು, ದೂರು ಮಾತ್ರ ಬರೆದರಾಯಿತು.